ಕ್ಲಿಕ್ಕಪ್ಪನವರು

ಬ್ಯಾಂಕಿನಿಂದ ನಿವೃತ್ತರಾದವರಿಗೆ ಎರಡು ದಾರಿ. ಒಂದು, ಬಡಾವಣೆಯ ಸಂಘದ ಕಾರ್ಯದರ್ಶಿಯಾಗುವುದು. ಇನ್ನೊಂದು, ಹೆಂಡತಿಯ ಉಪ್ಪಿನಕಾಯಿಗೆ ಗೂಗಲ್‌ನಲ್ಲಿ ಜಾಹೀರಾತು ಕೊಡುವುದು. ಮೊದಲನೆಯದರಲ್ಲಿ ಬೈಗುಳ ಬರುತ್ತದೆ, ಎರಡನೆಯದರಲ್ಲಿ ಬಿಲ್ಲು. ಶಿವಮೊಗ್ಗದ ವಿನೋಬನಗರದಲ್ಲಿ ನನಗೆ ಗೊತ್ತಿರುವ ಒಬ್ಬರು ಎರಡನೆಯದನ್ನು ಹಿಡಿದರು. ನಿಜ ಹೆಸರು ಬೇಡ, ಕ್ಲಿಕ್ಕಪ್ಪ ಅಂದರೆ ಸಾಕು. ಇಂಥವರು ಹುಬ್ಬಳ್ಳಿಯಲ್ಲೂ ಇದ್ದಾರೆ, ಮೈಸೂರಿನಲ್ಲೂ ಇದ್ದಾರೆ. ಒಬ್ಬರದು ಹಪ್ಪಳ, ಒಬ್ಬರದು ಹೋಂಸ್ಟೇ, ಮತ್ತೊಬ್ಬರದು ಮಗಳ ವೀಣೆ ಪಾಠ. ಸರಕು ಬೇರೆಬೇರೆ, ಚಾಳಿ ಒಂದೇ.

ನಿಜ ಹೇಳಬೇಕೆಂದರೆ ಅವರ ಮನೆಯವರ ಅಪ್ಪೆಮಿಡಿಗೆ ಜಾಹೀರಾತು ಬೇಕೇ ಇರಲಿಲ್ಲ. ರಿಪ್ಪನ್‌ಪೇಟೆ ಕಡೆಯಿಂದ ತೊಟ್ಟಿರುವ ಮಿಡಿ ತರಿಸಿ, ಉಪ್ಪಿನಲ್ಲಿ ಹಾಕಿ, ಖಾರ ಬೆರೆಸಿ ಭರಣಿಗೆ ತುಂಬಿಟ್ಟರೆ ನೆಂಟರು, ನೆಂಟರ ನೆಂಟರು, ಅವರ ಆಫೀಸಿನವರು ಎಲ್ಲ ಸೇರಿ ದೀಪಾವಳಿಯೊಳಗೆ ಖಾಲಿ ಮಾಡುತ್ತಿದ್ದರು. ಬೆಂಗಳೂರಿನ ಮಗ ಯುಗಾದಿಗೆ ಬಂದವನು ಸುಮ್ಮನಿರಲಾರದೆ ಒಂದು ವೆಬ್‌ಸೈಟ್ ಮಾಡಿ, ಗೂಗಲ್ ಆಡ್ಸ್ ಖಾತೆ ತೆರೆದು, ದಿನಕ್ಕೆ 200 ರೂಪಾಯಿ ಬಜೆಟ್ ಹಾಕಿ, “ಅಪ್ಪಾ, ಎರಡು ವಾರ ಇದನ್ನ ಮುಟ್ಟಬೇಡ” ಎಂದು ಹೇಳಿ ಬಸ್ಸು ಹತ್ತಿದ. ಬಸ್ಸು ಭದ್ರಾವತಿ ದಾಟುವುದರೊಳಗೆ ಕ್ಲಿಕ್ಕಪ್ಪನವರು ಮುಟ್ಟಿದ್ದರು.

ಮೊದಲು ಕೈ ಹಾಕಿದ್ದು ಶೀರ್ಷಿಕೆಗೆ. ಗೂಗಲ್ ಒಂದು ಜಾಹೀರಾತಿಗೆ 15 ಶೀರ್ಷಿಕೆಗಳವರೆಗೆ ಕೊಡಲು ಬಿಡುತ್ತದೆ, ಒಂದೊಂದೂ 30 ಅಕ್ಷರದೊಳಗಿರಬೇಕು. ಯಾವುದನ್ನು ಯಾರಿಗೆ ತೋರಿಸಬೇಕೆಂಬುದು ಅದರ ಇಷ್ಟ. ಕ್ಲಿಕ್ಕಪ್ಪನವರು ಬರೆದ ಮೊದಲ ಶೀರ್ಷಿಕೆ ‘ಶ್ರೀ ಮಹಾಗಣಪತಿ ಪ್ರಸನ್ನ’. ಮದುವೆ ಕಾಗದಕ್ಕೆ ಬೇಕಾದದ್ದು ಉಪ್ಪಿನಕಾಯಿಗೆ ಬೇಡವೇ? ಎರಡನೆಯದು ‘ಬಾಯಲ್ಲಿ ನೀರೂರಿಸುವ ಅಪ್ಪೆಮಿಡಿ ಉಪ್ಪಿನಕಾಯಿ’, ಕೊನೆಗೆ ಮೂರು ಆಶ್ಚರ್ಯಸೂಚಕ ಚಿಹ್ನೆ. ಶೀರ್ಷಿಕೆಯಲ್ಲಿ ಒಂದೇ ಒಂದು ಆಶ್ಚರ್ಯಸೂಚಕಕ್ಕೂ ಅಲ್ಲಿ ಜಾಗವಿಲ್ಲ. ಚಿಹ್ನೆ ತೆಗೆದರೂ ಅಕ್ಷರ ಹೆಚ್ಚಾಯಿತು ಎಂದಿತು. ನಮ್ಮ ಕಣ್ಣಿಗೆ ಉಪ್ಪಿನಕಾಯಿ ಐದಕ್ಷರ. ಗುಣಿತ, ಒತ್ತು ಎಲ್ಲವನ್ನೂ ಬಿಡಿಸಿ ಎಣಿಸುವ ಕಂಪ್ಯೂಟರಿಗೆ ಹತ್ತು. “ಒತ್ತಕ್ಷರಕ್ಕೂ ಸರ್ವಿಸ್ ಚಾರ್ಜು ಹಾಕ್ತಾರಲ್ರೀ!” ಎಂದು ನನ್ನ ಮುಂದೆ ಅಲವತ್ತುಕೊಂಡರು. ಬ್ಯಾಂಕಿನವರ ಬಾಯಲ್ಲಿ ಈ ಮಾತು ಕೇಳುವ ಯೋಗ ಎಲ್ಲರಿಗೂ ಬರುವುದಿಲ್ಲ.

ಬೆಳಗಿನ ಕಾಫಿಯ ಹೊತ್ತಿಗೆ ಅವರ ನಿತ್ಯವಿಧಿ ಶುರು. ಮೊಬೈಲಿನಲ್ಲಿ ‘ಅಪ್ಪೆಮಿಡಿ ಉಪ್ಪಿನಕಾಯಿ’ ಎಂದು ಹುಡುಕಿ ತಮ್ಮ ಜಾಹೀರಾತು ಕಂಡಿತೇ ಎಂದು ನೋಡುವುದು. ಕಂಡರೆ ಸಂತೋಷ, ಒತ್ತುವುದಿಲ್ಲ, ಒತ್ತಿದರೆ ದುಡ್ಡಲ್ಲವೇ? ಹೀಗೆ ದಿನವೂ ಕಂಡು ದಿನವೂ ಒತ್ತದವನಿಗೆ ಇದು ಬೇಡದ ಸರಕು ಎಂದು ಗೂಗಲ್ ತೀರ್ಮಾನಿಸಿ ಅವರಿಗೆ ತೋರಿಸುವುದನ್ನೇ ನಿಲ್ಲಿಸಿತು. ಜಾಹೀರಾತು ನಿಂತೇ ಹೋಯಿತೆಂದು ಗಾಬರಿಯಾಗಿ ತೀರ್ಥಹಳ್ಳಿಯ ಭಾವನಿಗೆ ಫೋನು: “ಭಾವ, ನೀವೊಮ್ಮೆ ಹುಡುಕಿ ನೋಡಿ. ಕಂಡ್ತಾ? ಒತ್ತಬೇಡಿ, ಒತ್ತಬೇಡಿ!” ಆ ಕಡೆಯಿಂದ ಭಾವ, “ಒತ್ತಿಯಾಯ್ತು ಮಾರಾಯ” ಎಂದರು. ಹದಿನಾಲ್ಕು ರೂಪಾಯಿ ಹೋಯಿತು. ಖರ್ಚಿಲ್ಲದೆ ನೋಡಿಕೊಳ್ಳಲು ಖಾತೆಯೊಳಗೇ ಒಂದು ಪ್ರಿವ್ಯೂ ಸಾಧನವಿದೆ ಎಂದು ಮಗ ಹೇಳಿಕೊಟ್ಟಿದ್ದಾನೆ. ಆದರೆ ತಮ್ಮ ಕಣ್ಣಿನಿಂದಲೇ, ತಮ್ಮ ಮೊಬೈಲಿನಲ್ಲೇ, ಬೇರೆಯವರ ಜಾಹೀರಾತಿನ ಮೇಲೆ ತಮ್ಮದು ಕೂತಿರುವುದನ್ನು ನೋಡಬೇಕು ಇವರಿಗೆ.

ಒಂದು ಮಂಗಳವಾರ 200ರ ಬದಲು 387 ರೂಪಾಯಿ ಹೋಯಿತು. ಹುಡುಕುವವರು ಹೆಚ್ಚಿದ್ದ ದಿನ ಬಜೆಟ್ಟಿನ ಎರಡರಷ್ಟರವರೆಗೂ ಖರ್ಚು ಮಾಡಬಹುದು, ಒಟ್ಟಾರೆ ತಿಂಗಳಿಗೆ ಮಾತ್ರ ದಿನದ ಬಜೆಟ್ಟಿನ 30.4 ಪಟ್ಟು ಮೀರುವಂತಿಲ್ಲ ಎಂಬುದು ಗೂಗಲ್‌ನ ಕಟ್ಟಳೆ. “ಮೂವತ್ತು ಪಾಯಿಂಟ್ ನಾಲ್ಕು ದಿನದ ತಿಂಗಳು ಯಾವ ಪಂಚಾಂಗದಲ್ಲಿದೆ?” ಎಂದು ಕೇಳಿದರು. 365ನ್ನು 12ರಿಂದ ಭಾಗಿಸಿ ನೋಡಿ ಎಂದೆ. “ಗೊತ್ತು ಕಣಯ್ಯ. ಬಡ್ಡಿ ಹಾಕೋವಾಗ ನಾವೂ ಇಂಥದ್ದೆಲ್ಲ ಮಾಡ್ತಿದ್ವಿ. ಆದರೆ ಗಿರಾಕಿಗೆ ಹೇಳ್ತಿರಲಿಲ್ಲ” ಎಂದರು.

ಅವರಿಗೆ ನಿಜವಾಗಿ ಪೆಟ್ಟು ಕೊಟ್ಟದ್ದು ಹರಾಜು. ಶಿವಮೊಗ್ಗದವರಿಗೆ ಹರಾಜು ಎಂದರೆ ಅಡಿಕೆ ಮಂಡಿ: ರಾಶಿಗೆ ಯಾರು ಹೆಚ್ಚು ಬರೆದರೋ ಮಾಲು ಅವರದು. ಆ ಧೈರ್ಯದಲ್ಲೇ ಕ್ಲಿಕ್ಕಪ್ಪನವರು ದರ ಏರಿಸುತ್ತ ಹೋದರು. ಆದರೂ ಮೇಲೆ ಕೂತಿದ್ದದ್ದು ಇನ್ನಾರದೋ ಭರಣಿ. ಇಲ್ಲಿ ದುಡ್ಡೊಂದನ್ನೇ ತೂಗುವುದಿಲ್ಲ; ಜನ ಹುಡುಕಿದ್ದಕ್ಕೂ ಜಾಹೀರಾತಿಗೂ ಹೊಂದುತ್ತದೆಯೇ, ಒತ್ತಿದ ಮೇಲೆ ತೆರೆಯುವ ಪುಟ ಉಪಯೋಗಕ್ಕೆ ಬರುತ್ತದೆಯೇ ಎಂಬುದನ್ನೂ ನೋಡುತ್ತಾರೆ. ಕಡಿಮೆ ಬರೆದವನೂ ಮೇಲೆ ಕೂರಬಹುದು. ನಮ್ಮ ಗುಣಮಟ್ಟ ಹೇಗಿದೆ ಎಂದು ತಿಳಿಯಲು ಹತ್ತಕ್ಕೆ ಇಷ್ಟೆಂದು ಒಂದು ಕ್ವಾಲಿಟಿ ಸ್ಕೋರ್ ಬೇರೆ ಇದೆ. ಇವರಿಗೆ ಬಂದದ್ದು ಮೂರು.

“ಇವಳೇ, ನಿನ್ನ ಉಪ್ಪಿನಕಾಯಿಗೆ ಹತ್ತಕ್ಕೆ ಮೂರು ಕೊಟ್ಟಿದ್ದಾರೆ!”

“ತಿಂದು ನೋಡದೇನೇ?” ಎಂದು ಒಳಗಿನಿಂದ ಸೌಟು ಹಿಡಿದೇ ಬಂದರು ಅಮ್ಮ.

ಅದು ಉಪ್ಪಿನಕಾಯಿಯ ಗುಣವಲ್ಲ, ಪುಟದ ಗುಣ ಎಂದು ಇಬ್ಬರಿಗೂ ಬಿಡಿಸಿ ಹೇಳುವಷ್ಟರಲ್ಲಿ ನನ್ನ ಕಾಫಿ ಆರಿತ್ತು. ಪುಟ ತೆರೆದು ನೋಡಿದರೆ ಮೊದಲು ಎದುರಾಗುವುದು ಶಾಲು ಹೊದ್ದ ಕ್ಲಿಕ್ಕಪ್ಪನವರು, ಬೀಳ್ಕೊಡುಗೆ ಸಮಾರಂಭದ ಫೋಟೋ. ಅದರ ಕೆಳಗೆ ಅವರ ಸೇವಾವಧಿಯ ವಿವರ. ಉಪ್ಪಿನಕಾಯಿ ಕಾಣಬೇಕಾದರೆ ಹೆಬ್ಬೆರಳಿನಿಂದ ಬಹಳ ದೂರ ಹೋಗಬೇಕು. ನನ್ನನ್ನು ಕೇಳಿದರೆ ಮೂರು ಅಂಕ ಧಾರಾಳವಾಗಿಯೇ ಕೊಟ್ಟಿದ್ದರು.

ಜನ ಏನು ಹುಡುಕಿ ತಮ್ಮ ಜಾಹೀರಾತನ್ನು ಒತ್ತಿದರು ಎಂದು ತೋರಿಸುವ ಪಟ್ಟಿಯೊಂದು ಖಾತೆಯಲ್ಲಿದೆ. ಹೊಸಬರು ದಿನವೂ ಓದಬೇಕಾದದ್ದು ಅದೊಂದೇ. ಹೊಸಬರು ಎಂದೂ ತೆರೆಯದ್ದೂ ಅದೊಂದೇ. ಮಗ ಬಯ್ದ ಮೇಲೆ ತೆರೆದರು. ‘ಉಪ್ಪಿನಕಾಯಿ ಮಾಡುವ ವಿಧಾನ’, ‘ಅಪ್ಪೆಮಿಡಿ ಕಸಿ ಗಿಡ ಎಲ್ಲಿ ಸಿಗುತ್ತದೆ’, ‘ಪಿಂಗಾಣಿ ಭರಣಿ ಬೆಲೆ’, ‘ಬಿಪಿ ಇದ್ದವರು ಉಪ್ಪಿನಕಾಯಿ ತಿನ್ನಬಹುದೇ’. ಎಲ್ಲಕ್ಕಿಂತ ಕೆಳಗೆ, ಎಲ್ಲಕ್ಕಿಂತ ಹೆಚ್ಚು ದುಡ್ಡು ತಿಂದದ್ದು: ‘ಪಿಕಲ್‌ಬಾಲ್ ಕೋರ್ಟ್’. ‘ಪಿಕಲ್’ ಎಂಬ ಪದವನ್ನು ಯಾವ ಕಟ್ಟೂ ಇಲ್ಲದೆ, ಬ್ರಾಡ್ ಮ್ಯಾಚ್‌ನಲ್ಲಿ ಹಾಗೇ ಬಿಟ್ಟಿದ್ದರ ಫಲ ಇದು. ಉದ್ಧರಣ ಚಿಹ್ನೆ ಹಾಕಿದರೆ ಒಂದು ಮಟ್ಟದ ಬೇಲಿ, ಚೌಕ ಕಂಸ ಹಾಕಿದರೆ ಇನ್ನೂ ಬಿಗಿ ಬೇಲಿ. ಏನೂ ಹಾಕದಿದ್ದರೆ ಗೂಗಲ್ ತನಗೆ ತೋಚಿದ ಸಂಬಂಧವೆಲ್ಲ ಕಲ್ಪಿಸಿಕೊಳ್ಳುತ್ತದೆ. ಬೆಂಗಳೂರಿನ ಯಾವನೋ ತರುಣ ಸಂಜೆ ಆಡಲು ಅಂಗಳ ಹುಡುಕಿದವನು ಶಾಲು ಹೊದ್ದ ಕ್ಲಿಕ್ಕಪ್ಪನವರನ್ನು ಕಂಡು ಏನೆಂದುಕೊಂಡನೋ.

ಬೇಡದ ಹುಡುಕಾಟವನ್ನು ತಡೆಯಲು ನೆಗೆಟಿವ್ ಕೀವರ್ಡ್ ಹಾಕಬೇಕು ಎಂದು ತಿಳಿದದ್ದೇ ತಡ, ಕ್ಲಿಕ್ಕಪ್ಪನವರಿಗೆ ಮತ್ತೆ ಮ್ಯಾನೇಜರ್ ಕುರ್ಚಿ ಸಿಕ್ಕಂತಾಯಿತು. ಸಾಲ ಇಲ್ಲ ಅನ್ನುವ ಗತ್ತಿನಲ್ಲಿ ಪದಗಳನ್ನು ತಿರಸ್ಕರಿಸತೊಡಗಿದರು. ವಿಧಾನ, ಭರಣಿ, ಗಿಡ, ಬಿಪಿ. ಇಷ್ಟು ಸರಿಯೇ. ಪಿಕಲ್‌ಬಾಲ್ ಮೇಲಿನ ಸಿಟ್ಟಿನಲ್ಲಿ ‘ಪಿಕಲ್’ ಅನ್ನೇ ಸೇರಿಸಿದರು. ಅದೇ ವೇಗದಲ್ಲಿ ‘ಉಪ್ಪಿನಕಾಯಿ’ಯೂ ಹೋಯಿತು. ಮರುದಿನ ನನಗೆ ಬೆಳಗ್ಗೆಯೇ ಫೋನು: “ನಿನ್ನೆ ಖರ್ಚು ಸೊನ್ನೆ! ಹಿಡಿತಕ್ಕೆ ತಂದೆ ನೋಡು!” ಹಿಂದಿನಿಂದ ಅಮ್ಮನ ದನಿ ಕೇಳಿಸಿತು: “ಆರ್ಡರೂ ಸೊನ್ನೆ ಅನ್ನೋದನ್ನೂ ಹೇಳ್ರೀ.”

ಇಷ್ಟಾದರೂ ಖಾತೆ ಅವರಿಗೆ ಆಪ್ಟಿಮೈಸೇಷನ್ ಸ್ಕೋರ್ ಎಂದು ನೂರಕ್ಕೆ ಎಪ್ಪತ್ತೊಂದು ತೋರಿಸುತ್ತಿತ್ತು. ಎಸ್‌ಎಸ್‌ಎಲ್‌ಸಿಯಲ್ಲಿ ಫಸ್ಟ್ ಕ್ಲಾಸ್ ಬಂದವರು ನೂರಾಗುವ ತನಕ ಬಿಡಲಿಲ್ಲ. ಅದು ಕೊಟ್ಟ ಸಲಹೆಗಳಿಗೆಲ್ಲ ಒಪ್ಪಿಗೆ, ಬಜೆಟ್ ಏರಿಸಿ ಎಂಬುದಕ್ಕೂ. ತಮಾಷೆ ಏನೆಂದರೆ, ಸಲಹೆ ಬೇಡವೆಂದು ತಳ್ಳಿಹಾಕಿದರೂ ಆ ಅಂಕ ಏರುತ್ತದೆ. ಇದನ್ನು ಅವರಿಗೆ ನಾನಿನ್ನೂ ಹೇಳಿಲ್ಲ.

ಮದುವೆ ಮನೆಗಳಲ್ಲಿ ಈಗ ಅವರದೇ ಉಪನ್ಯಾಸ. 1998ರಲ್ಲಿ ಬಿಲ್ ಗ್ರಾಸ್ ಎಂಬಾತ ಗೋಟೂ ಎಂಬ ಹುಡುಕುತಾಣದಲ್ಲಿ ಕ್ಲಿಕ್ಕಿಗೆ ಇಷ್ಟೆಂದು ಜಾಗ ಹರಾಜಿಗಿಟ್ಟದ್ದು, 2000ದ ಅಕ್ಟೋಬರ್‌ನಲ್ಲಿ ಗೂಗಲ್ ಆಡ್‌ವರ್ಡ್ಸ್ ಶುರುಮಾಡಿದಾಗ 350 ಜಾಹೀರಾತುದಾರರಷ್ಟೇ ಇದ್ದದ್ದು, ಕ್ಲಿಕ್ಕಿನ ಹರಾಜು ಗೂಗಲ್ಲಿಗೆ 2002ರಲ್ಲಿ ಬಂದದ್ದು, 2018ರಲ್ಲಿ ಹೆಸರು ಬದಲಾದದ್ದು. ಎಲೆಯ ಮುಂದೆ ಕೂತವರು ತಲೆದೂಗುತ್ತಾರೆ. ಯಾರಾದರೂ ತುಂಟರು “ಅಂತೂ ಎಷ್ಟು ಭರಣಿ ಹೋಯ್ತು?” ಎಂದು ಕೇಳಿದರೆ, “ಈ ತಿಂಗಳು 212 ಕನ್ವರ್ಷನ್” ಎನ್ನುತ್ತಾರೆ. ಪುಟ ತೆರೆದದ್ದನ್ನೇ ಕನ್ವರ್ಷನ್ ಎಂದು ಎಣಿಸುವ ಹಾಗೆ ಇವರೇ ಗುರುತು ಹಾಕಿಕೊಂಡಿದ್ದಾರೆ. ಅಂದರೆ ತೀರ್ಥಹಳ್ಳಿಯ ಭಾವನೂ ಅದರಲ್ಲಿ ಒಬ್ಬರು.

ನಿಜವಾದ ಲೆಕ್ಕ ಇರುವುದು ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ ನೋಟ್‌ಬುಕ್ಕಿನಲ್ಲಿ. ಫೋನು ಮಾಡಿದವರನ್ನೆಲ್ಲ ಅಮ್ಮ ಕೇಳುತ್ತಾರೆ: “ನಮ್ಮ ನಂಬರ್ ಎಲ್ಲಿ ಸಿಕ್ಕಿತು?” ಗೂಗಲ್ ಅಂದವರ ಹೆಸರಿನ ಮುಂದೆ ‘ಗೂ’, ಮತ್ತೆ ಕೊಂಡರೆ ಅದರ ಪಕ್ಕ ಒಂದು ಗೀಟು. ಕ್ಲಿಕ್ಕಿಗೆ ಹದಿನಾಲ್ಕು, ಮೂವತ್ತು ಕ್ಲಿಕ್ಕಿಗೆ ಒಬ್ಬ ಗಿರಾಕಿ, ಅಲ್ಲಿಗೆ 420. ಮೇಲೆ ಶೇಕಡಾ 18 ಜಿಎಸ್‌ಟಿ, ಹತ್ತಿರಹತ್ತಿರ 496. ಮಾರಿದ ಭರಣಿ 380ರದ್ದು. “ಮಿಡಿ, ಉಪ್ಪು, ಮೆಣಸು ಎಲ್ಲ ಧರ್ಮಕ್ಕೆ ಬಂತಾ?” ಎಂದು ಅಮ್ಮ ಯಜಮಾನರನ್ನು ಕೇಳುತ್ತಾರೆ. ಕೇಳಿದರೂ ನಿಲ್ಲಿಸಿ ಎನ್ನುವುದಿಲ್ಲ. ‘ಗೂ’ ಎಂದಿರುವ ಹೆಸರುಗಳಲ್ಲಿ ಅರ್ಧಕ್ಕೆ ಎರಡನೆಯ ಗೀಟು ಬಿದ್ದಿದೆ, ಕೆಲವಕ್ಕೆ ಮೂರನೆಯದೂ. ಮೊದಲ ಭರಣಿಯಲ್ಲಿ ಹೋದದ್ದು ಮೂರನೆಯದರಲ್ಲಿ ಬರುತ್ತದೆ ಎಂಬುದು ಅವರ ಅಂದಾಜು. ಜಾಹೀರಾತು ಕಂಪನಿಗಳು ದೊಡ್ಡ ಸಂಬಳ ಕೊಟ್ಟು ಮಾಡಿಸುವ ಕೆಲಸ ಇದೇ.

ಕೊನೆಗೆ ಓದುಗರಲ್ಲಿ ಒಂದು ವಿನಂತಿ. ಎಲ್ಲಾದರೂ ಗೂಗಲ್‌ನಲ್ಲಿ ಶಿವಮೊಗ್ಗದ ಅಪ್ಪೆಮಿಡಿಯ ಜಾಹೀರಾತು ಕಂಡರೆ ಬರೀ ಕುತೂಹಲಕ್ಕೆ ಒತ್ತಬೇಡಿ. ಅದರ ಕೆಳಗಿರುವ ಫೋನಿನ ಗುರುತು ಒತ್ತಿದರೂ ದುಡ್ಡು ಹೋಗುತ್ತದೆ. ನಂಬರ್ ಬರೆದುಕೊಂಡು ನೀವೇ ಡಯಲ್ ಮಾಡಿ. ಫೋನು ಯಜಮಾನರು ಎತ್ತಿದರೆ, “ಅಮ್ಮನಿಗೆ ಕೊಡಿ” ಅನ್ನಿ.