ನೃತ್ಯೋತ್ಸವದ ಆವರಣಾಧಿಪತಿಗಳಿಗೆ ಒಂದು ಬಿನ್ನವತ್ತಳೆ

ಮಹಾಶಯರೆ,

ಉತ್ಸವವೊಂದು ಮುಗಿದ ಮೇಲೆ ಅದರ ಕರ್ತೃಗಳಿಗೆ ಪತ್ರ ಬರೆಯುವವರು ಪ್ರಾಯಶಃ ದೂರು ಹೇಳುವವರೋ ಹಣ ಮರಳಿ ಕೇಳುವವರೋ ಆಗಿರುವುದು ಲೋಕರೂಢಿಯಾದುದರಿಂದ, ನನ್ನ ಈ ಪತ್ರವು ಆ ಎರಡು ವರ್ಗಗಳಿಗೂ ಸೇರಿದುದಲ್ಲವೆಂದು ಮೊದಲಿಗೇ ಅರಿಕೆ ಮಾಡಿಕೊಳ್ಳುತ್ತೇನೆ. ಇದು ಶುದ್ಧಾಂಗವಾದ ಸ್ತುತಿಪತ್ರ. ಕಳೆದ ಡಿಸೆಂಬರಿನ ಕೊನೆಯಲ್ಲಿ, ಐವತ್ತರ ಅಂಚಿಗೆ ಬಂದಿರುವ ನಾವು ನಾಲ್ವರು ಹಳೆಯ ಸಹಪಾಠಿಗಳು ಧಾರವಾಡದಿಂದ ಹೊರಟು, ಅನಮೋಡ ಘಾಟವನ್ನಿಳಿದು, ಗೋಮಂತಕದ ಬಯಲೊಂದರಲ್ಲಿ ತಾವು ಏರ್ಪಡಿಸಿದ್ದ ಎಲೆಕ್ಟ್ರಾನಿಕ್ ಸಂಗೀತದ ನೃತ್ಯೋತ್ಸವಕ್ಕೆ ಬಂದು ಕೃತಾರ್ಥರಾದೆವು. ಆ ಕೃತಾರ್ಥತೆಯ ವಿವರಗಳನ್ನು ಹತ್ತು ಜನರ ಮುಂದಿಡದೆ ಹೋದರೆ ಕೃತಘ್ನನೆನಿಸಿಕೊಂಡೇನೆಂಬ ಭಯದಿಂದ ಇದನ್ನು ಬರೆಯುತ್ತಿದ್ದೇನೆ.

ಮಹಾದ್ವಾರದಲ್ಲಿ ನಮ್ಮನ್ನು ತಡೆದ ಕಾವಲುಗಾರನ ಕರ್ತವ್ಯಶ್ರದ್ಧೆಯನ್ನು ಎಷ್ಟು ಹೊಗಳಿದರೂ ತೀರದು. ಪ್ರಯಾಣವೆಂದರೆ ಬುತ್ತಿಯೆಂದೇ ಬಗೆದಿರುವ ನಮ್ಮ ಮಿತ್ರರೊಬ್ಬರು ಕಟಕ ರೊಟ್ಟಿಯನ್ನೂ ಶೇಂಗಾ ಚಟ್ನಿಯನ್ನೂ ಬಿಳಿಯ ಅರಿವೆಯಲ್ಲಿ ಕಟ್ಟಿ ತಂದಿದ್ದರು. ಕಾವಲುಗಾರನು ಒಂದು ರೊಟ್ಟಿಯನ್ನು ಮೇಲಕ್ಕೆತ್ತಿ, ಬೆಳಕಿಗೆ ಹಿಡಿದು ನೋಡಿ, ಬೆರಳ ಗೆಣ್ಣಿನಿಂದ ಬಡಿದು, ಅದರಿಂದ ಹೊರಟ ಗಡುಸಾದ ನಾದಕ್ಕೆ ಬೆಚ್ಚಿ ತನ್ನ ಮೇಲಧಿಕಾರಿಯನ್ನು ಕರೆಸಿದನು. ಇಬ್ಬರೂ ಕ್ಷಣಕಾಲ ಸಮಾಲೋಚಿಸಿ, ಅದು ಆಯುಧವಲ್ಲವಾದರೂ ಹೊರಗಿನ ಆಹಾರವಾದುದರಿಂದ ಆಯುಧಕ್ಕಿಂತಲೂ ಅಪಾಯಕರವೆಂದು ನಿರ್ಣಯಿಸಿ, ಗಂಟನ್ನು ಕಸದ ಡಬ್ಬಿಗೆ ಸಮರ್ಪಿಸಿದರು. ಒಳಗೆ ಅದೇ ಜೋಳದಿಂದ ಮಾಡಿದ, ಅಂಗೈಯಗಲದ ಆರು ಹಪ್ಪಳಗಳು ‘ಮಿಲೆಟ್ ಕ್ರಿಸ್ಪ್’ ಎಂಬ ನಾಮಧೇಯದಿಂದ 300 ರೂಪಾಯಿಗೆ ದೊರೆಯುತ್ತಿದ್ದುದನ್ನು ಕಂಡಾಗ ನಮ್ಮ ಮಿತ್ರರ ಕಣ್ಣಲ್ಲಿ ನೀರು ಬಂದಿತು. ಕೃತಜ್ಞತೆಯಿಂದಲೇ ಇರಬೇಕು.

ತಮ್ಮ ರಾಜ್ಯದಲ್ಲಿ ಸರ್ಕಾರದ ನೋಟು ನಡೆಯದೆಂದೂ, ಮಣಿಕಟ್ಟಿಗೆ ಬಿಗಿದ ಪಟ್ಟಿಯೊಳಗೆ ಮೊದಲೇ ಹಣ ತುಂಬಿಸಿಕೊಂಡು ಅದನ್ನು ಯಂತ್ರಕ್ಕೆ ತೋರಿಸಿದಲ್ಲದೆ ಗುಟುಕು ನೀರೂ ಸಿಕ್ಕದೆಂದೂ ಆಮೇಲೆ ತಿಳಿಯಿತು. ಬೆಲ್ಜಿಯಂ ದೇಶದ ಬೂಮ್ ಎಂಬ ಊರಿನಲ್ಲಿ 2005ರಿಂದ ನಡೆದುಬಂದಿರುವ ಟುಮಾರೋಲ್ಯಾಂಡ್ ಎಂಬ ಪ್ರಸಿದ್ಧ ಉತ್ಸವದಲ್ಲಿ ಇಂಥ ಒಳನಾಣ್ಯಕ್ಕೆ ಮುತ್ತೆಂದೇ ಹೆಸರಂತೆ. ಹಂಪೆಯ ಬಜಾರಿನಲ್ಲಿ ಮುತ್ತುಗಳನ್ನು ಸೇರಿನಲ್ಲಿ ಅಳೆದು ಮಾರುತ್ತಿದ್ದರೆಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ ನಮಗೆ, ಮುತ್ತು ತೆತ್ತು ನೀರು ಕೊಳ್ಳುವ ವೈಭವವು ಕೃಷ್ಣದೇವರಾಯನ ಕಲ್ಪನೆಗೂ ನಿಲುಕದೆ ಹೋಯಿತಲ್ಲ ಎಂದು ವ್ಯಥೆಯಾಗುತ್ತದೆ.

ಆದರೆ ಇವೆಲ್ಲವೂ ಅಂಗಗಳು. ತಮ್ಮ ಪ್ರತಿಭೆಯ ಶಿಖರವಿರುವುದು ಆವರಣ ರಚನೆಯಲ್ಲಿ. ವೇದಿಕೆಯ ಎದುರಿನ ಬಯಲೆಲ್ಲ ಒಂದೇ ಆಗಿದ್ದರೆ ಜನರು ಎಲ್ಲೆಂದರಲ್ಲಿ ನಿಂತು, ಯಾರ ಪಕ್ಕದಲ್ಲಿ ಯಾರೆಂಬುದರ ಪರಿವೆಯೇ ಇಲ್ಲದೆ ಕುಣಿದುಬಿಡುವ ಅನರ್ಥವನ್ನು ಮುಂಗಂಡು, ತಾವು ಅದನ್ನು ಸಾಮಾನ್ಯ, ವಿಐಪಿ, ವಿವಿಐಪಿ ಎಂದು ವಿಂಗಡಿಸಿ, ಇವೆಲ್ಲಕ್ಕೂ ಮಿಗಿಲಾಗಿ ವೇದಿಕೆಯ ಮಗ್ಗುಲಲ್ಲಿಯೇ ಮೇಜು ಸೋಫಾಗಳನ್ನಿಟ್ಟು, ಭೂಲೋಕದಿಂದ ಸತ್ಯಲೋಕದವರೆಗಿನ ಮಜಲುಗಳನ್ನು ಒಂದೇ ಮೈದಾನದಲ್ಲಿ ನಿರ್ಮಿಸಿರುವಿರಿ. ಮೇಲಿನ ಲೋಕಗಳ ನಿವಾಸಿಗಳನ್ನು ನಾನು ಬಹಳ ಹೊತ್ತು ಅವಲೋಕಿಸಿದೆನು. ಅವರು ಕುಣಿಯುವುದಿಲ್ಲ. ಕುಣಿಯುವವರನ್ನು ಕೆಳಗಣ್ಣಿನಿಂದ ನೋಡುತ್ತಾರೆ, ಅಥವಾ ಕುಣಿಯುವವರಿಗೆ ಬೆನ್ನು ತಿರುಗಿಸಿ, ಆ ಜನಸಾಗರವು ತಮ್ಮ ಹಿಂದೆ ಕಾಣುವಂತೆ ತಮ್ಮ ಚಿತ್ರ ತೆಗೆದುಕೊಳ್ಳುತ್ತಾರೆ. ಹಣ ಹೆಚ್ಚಿದಂತೆ ನೃತ್ಯ ಕಡಮೆಯಾಗುವ ಈ ವಿಲೋಮ ಸಂಬಂಧಕ್ಕೆ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ನಮ್ಮ ಮಿತ್ರರು ಒಂದು ಸೂತ್ರವನ್ನೇ ಬರೆದುಕೊಂಡಿದ್ದಾರೆ. ಮೂವರು ಸಾಮಾನ್ಯರೂ ಒಬ್ಬ ವಿಐಪಿಯೂ ಆಗಿ ಒಡೆದುಹೋದ ನಮ್ಮ ಗುಂಪಿನ ಸ್ಥಿತಿಯನ್ನು ಇಲ್ಲಿ ವಿಸ್ತರಿಸಲಾರೆ. ಬ್ಯಾಂಕಿನ ಯಾವುದೋ ಕಾರ್ಡಿನ ಪುಣ್ಯದಿಂದ ಮೇಲಿನ ಲೋಕಕ್ಕೆ ಬಡ್ತಿ ಪಡೆದ ಗೆಳೆಯನು ಇಡೀ ಸಂಜೆ ಬೇಲಿಯಾಚೆಯಿಂದ ನಮ್ಮತ್ತ ಕೈಬೀಸುತ್ತಿದ್ದನೆಂದಷ್ಟೆ ಹೇಳಿದರೆ ಸಾಕು.

ಇಷ್ಟರಲ್ಲಿ ವೇದಿಕೆಯ ಬೃಹತ್ ಪರದೆಯ ಮೇಲೆ, ಆನೆಯೆತ್ತರದ ಅಕ್ಷರಗಳಲ್ಲಿ, ನಾವೆಲ್ಲರೂ ಒಂದೇ ಎಂಬರ್ಥದ ಘೋಷಣೆ ಮೂಡಿತು. ತಮ್ಮ ವಿನೋದಪ್ರಜ್ಞೆಗೆ ತಲೆಬಾಗಿದೆನು. ಈ ಸಂಗೀತದ ವಂಶಾವಳಿಯನ್ನು ತಾವು ಅರಿಯದವರಲ್ಲ. 1979ರ ಜುಲೈ 12ರಂದು ಶಿಕಾಗೋ ನಗರದ ಬೇಸ್‌ಬಾಲ್ ಕ್ರೀಡಾಂಗಣವೊಂದರಲ್ಲಿ ಡಿಸ್ಕೋ ಸಂಗೀತದ ತಟ್ಟೆಗಳನ್ನು ರಾಶಿ ಹಾಕಿ ಮದ್ದಿಟ್ಟು ಸಿಡಿಸಿದಾಗ, ಸಾವಿರಾರು ಜನ ಹರ್ಷೋನ್ಮತ್ತರಾಗಿ ಮೈದಾನಕ್ಕೆ ನುಗ್ಗಿದರು. ಅದೇ ನಗರದ ವೇರ್‌ಹೌಸ್ ಎಂಬ ಕ್ಲಬ್ಬಿನಲ್ಲಿ, ನ್ಯೂಯಾರ್ಕಿನಿಂದ ಬಂದಿದ್ದ ಫ್ರಾಂಕಿ ನಕಲ್ಸ್ ಎಂಬಾತನು ಅಂಥವೇ ತಟ್ಟೆಗಳನ್ನು ಒಂದರೊಳಗೊಂದು ಬೆಸೆದು ನುಡಿಸುತ್ತ, ಎಷ್ಟೋ ಕಡೆ ಬಾಗಿಲು ತೆರೆಯದಿದ್ದ ಕರಿಯ ತರುಣರಿಗೂ ಸಲಿಂಗಪ್ರೇಮಿಗಳಿಗೂ ಬೆಳಗಾಗುವವರೆಗೆ ಕುಣಿಯಲು ಒಂದು ನೆಲೆಯನ್ನು ಕಲ್ಪಿಸಿದ್ದನು. ಹೊರಗೆ ನಿಲ್ಲಿಸಲ್ಪಟ್ಟವರು ತಮಗಾಗಿ ಕಟ್ಟಿಕೊಂಡ ಸಂಗೀತವನ್ನು, ಇಷ್ಟು ಅಚ್ಚುಕಟ್ಟಾಗಿ, ಹೊರಗೆ ನಿಲ್ಲಿಸುವ ಕಲೆಯನ್ನಾಗಿ ಪರಿವರ್ತಿಸಲು ಸಾಧಾರಣ ಬುದ್ಧಿ ಸಾಲದು.

ಗೋವೆಯಲ್ಲಿಯೇ ಆದರೂ ಹಿಂದೆ ಎಂಥ ಅವ್ಯವಸ್ಥೆಯಿತ್ತೆಂಬುದನ್ನು ಬಲ್ಲವರು ಹೇಳುತ್ತಾರೆ. ಅಂಜುಣೆಯ ಮರಳಿನಲ್ಲಿ ಹುಣ್ಣಿಮೆಯಿರುಳು ನೆರೆಯುತ್ತಿದ್ದ ಪರದೇಶಿ ಅಲೆಮಾರಿಗಳಿಗೆ ಟಿಕೇಟಿನ ಪರಿಜ್ಞಾನವೇ ಇರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋ ಕಡೆಯಿಂದ ಬಂದು, ಜಟಾಧಾರಿಯಾಗಿ ನೆಲೆನಿಂತ ಗೋವಾ ಗಿಲ್ ಎಂಬಾತನಂಥವರು, ಇಲ್ಲಿಯ ಸೆಕೆಗೆ ಗಾನದ ತಟ್ಟೆಗಳು ಸೊಟ್ಟಗಾಗುವುದರಿಂದ ಟೇಪುಗಳ ಮೇಲೆಯೇ ಸಂಗೀತವನ್ನು ಹೊತ್ತು ತಂದು ನುಡಿಸುತ್ತಿದ್ದರು. ಊರಿನ ಹೆಂಗಸರು ಮರಳ ಮೇಲೆ ಚಾಪೆ ಹಾಸಿ, ಸೀಮೆಎಣ್ಣೆಯ ದೀಪವಿಟ್ಟು ಚಹಾ ಮಾರುತ್ತಿದ್ದರು. ದಣಿದವನು ಯಾವ ಚಾಪೆಯ ಮೇಲಾದರೂ ಒರಗಬಹುದಾಗಿತ್ತು. ಆ ಕಾಲವನ್ನು ಸತ್ಯಯುಗವೆಂದು ಕೊಂಡಾಡುವವನು ನಾನಲ್ಲ. ಅವರು ಸ್ವರ್ಗವೆಂದು ಕರೆದುದು ಯಾರದೋ ಊರಾಗಿತ್ತು, ಮತ್ತು ಆ ಊರಿನ ಮುದುಕರಿಗೆ ನಿದ್ದೆ ಬೇಕಾಗಿತ್ತು. ಆದರೂ ಚಾಪೆಗೆ ದರ್ಜೆಯಿರಲಿಲ್ಲವೆಂಬುದು ಆಡಳಿತದ ದೃಷ್ಟಿಯಿಂದ ಗಂಭೀರ ಲೋಪವೇ ಸರಿ.

ನಿದ್ದೆಯ ಮಾತು ಬಂದುದರಿಂದ ನೆನಪಾಯಿತು. ಹಗಲು ಮೂರು ಗಂಟೆಯ ರಣಬಿಸಿಲಿನಲ್ಲಿ ಆರಂಭವಾದ ತಮ್ಮ ರಾತ್ರಿಸಂಗೀತವು ಸರಿಯಾಗಿ ಹತ್ತಕ್ಕೆ, ಆಲಾಪದ ನಡುವೆ ಕತ್ತು ಹಿಚುಕಿದಂತೆ ನಿಂತುಹೋದಾಗ ತರುಣರು ದಿಗ್ಭ್ರಾಂತರಾದರು. ನಮ್ಮ ವಕೀಲ ಮಿತ್ರರೊಬ್ಬರೇ ಆ ಸಂಜೆಯಲ್ಲಿ ಮೊದಲ ಬಾರಿಗೆ ಪ್ರಸನ್ನರಾಗಿ, 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದೆಂದೂ, ವರ್ಷಕ್ಕೆ 15 ದಿನಗಳಿಗೆ ಮೀರದಂತೆ ಮಧ್ಯರಾತ್ರಿಯವರೆಗೆ ವಿನಾಯಿತಿ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆಯೆಂದೂ, ನಮ್ಮ ಕರಾವಳಿಯ ಎಷ್ಟೋ ಯಕ್ಷಗಾನ ಮೇಳಗಳು ಇದೇ ನಿಯಮಕ್ಕೆ ಅಂಜಿ ಇರುಳಿಡೀ ಆಟವನ್ನು ಕಾಲಮಿತಿಗೆ ಇಳಿಸಿಕೊಂಡಿವೆಯೆಂದೂ, ಅಪರಿಚಿತ ಯುವತಿಯೊಬ್ಬಳಿಗೆ ಉಪನ್ಯಾಸವನ್ನೇ ಕೊಟ್ಟರು. ಮೈಮೇಲೆಲ್ಲ ಮಿನುಗುಪುಡಿ ಬಳಿದುಕೊಂಡಿದ್ದ ಆಕೆಯು ಅದನ್ನು ಕೊನೆಯವರೆಗೂ ಆಲಿಸಿ, ಅಂಕಲ್, ನೀವು ಯಾವ ವೇದಿಕೆಯ ಡಿಜೆ ಎಂದು ಕೇಳಿದಳು.

ಸಂಗೀತದ ಬಗೆಗೂ ಎರಡು ಮಾತು ಹೇಳಬೇಡವೆ? ನಿಮಿಷಕ್ಕೆ 128ರಂತೆ ಬೀಳುವ ಏಕತಾನದ ಪೆಟ್ಟು. ಅದರ ಮೇಲೆ ಒಂದು ಸ್ವರವು ಏರುತ್ತ ಏರುತ್ತ ಹೋಗಿ, ತಾಳವು ಇಮ್ಮಡಿ ನಾಲ್ಮಡಿಯಾಗಿ, ಮಂದ್ರವೆಲ್ಲ ಇಂಗಿ, ಒಂದು ಉಸಿರಿನಷ್ಟು ನಿಶ್ಶಬ್ದವಾಗಿ, ಬಳಿಕ ಸಮಸ್ತವೂ ಒಮ್ಮೆಲೆ ಕುಸಿದು ಬೀಳುವುದನ್ನು ಡ್ರಾಪ್ ಎನ್ನುವರು. ಸಮಕ್ಕೆ ಬಂದು ಮುಟ್ಟುವ ಸುಖವನ್ನು ಧಾರವಾಡದ ಬೈಠಕ್ಕುಗಳಲ್ಲಿ ಕಂಡವರಿಗೆ ಇದರ ಸೊಗಸು ತಿಳಿಯದೆ ಹೋಗದು. ನನ್ನ ಕಾಲೂ ಆಡಿತೆಂದು ಒಪ್ಪುತ್ತೇನೆ. ಆದರೆ ಕಿವಿ? ಇಂಥ ಸ್ಥಳಗಳಲ್ಲಿ ಶಬ್ದದ ಸರಾಸರಿಯು 100 ಡೆಸಿಬಲ್ ಮೀರಕೂಡದೆಂದೂ, ಕಿವಿಗೆ ವಿಶ್ರಾಂತಿ ಕೊಡಲು ನಿಶ್ಶಬ್ದ ತಾಣವಿರತಕ್ಕದ್ದೆಂದೂ ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಶಿಫಾರಸು ಮಾಡಿದೆ. ತಮ್ಮಲ್ಲಿಯೂ ಅಂಥ ತಾಣವೊಂದಿತ್ತು: ಮಣಿಕಟ್ಟಿನ ಪಟ್ಟಿಯಲ್ಲಿ ಉಳಿದ ಹಣವನ್ನು ಮರಳಿ ಕೊಡುವ ಕೌಂಟರು. ಅಲ್ಲಿ ಯಾರೂ ಇರಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ತಮ್ಮ ವ್ಯವಸ್ಥೆ ತುಸು ಸಡಿಲವಾಗಿದೆಯೆಂದು ಅಂಜುತ್ತ ಸೂಚಿಸುತ್ತೇನೆ. ಐವತ್ತು ಹರ್ಟ್ಸಿನ ಮಂದ್ರಧ್ವನಿಯ ಒಂದೊಂದು ಅಲೆಯೂ ಸುಮಾರು 7 ಮೀಟರ್ ಉದ್ದವಿರುವುದರಿಂದ ತಮ್ಮ ತಗಡಿನ ಬೇಲಿಯನ್ನು ಅದು ಲೆಕ್ಕಕ್ಕೇ ಹಿಡಿಯುವುದಿಲ್ಲವೆಂದು ಭೌತಶಾಸ್ತ್ರದ ಮಿತ್ರರು ವಿವರಿಸಿದರು. ಗಾಯಕಿಯ ದನಿ ಒಳಗೇ ಅಡಗಿದರೂ ಪೆಟ್ಟು ಮಾತ್ರ ಟಿಕೇಟಿಲ್ಲದೆ ಊರೆಲ್ಲ ತಿರುಗುತ್ತದೆ. ಕಾರು ನಿಲ್ಲಿಸಿದ್ದ ಗದ್ದೆಗೆ, ಹೊದಿಕೆ ತರಲೆಂದು ನಡುವೆ ಒಮ್ಮೆ ಹೋದಾಗ, ಅಲ್ಲಿ ಸೀಟಿ ಊದಿ ವಾಹನಗಳಿಗೆ ದಾರಿ ತೋರಿಸುತ್ತಿದ್ದ ಹುಡುಗರು ಆ ಪೆಟ್ಟಿಗೆ ಸರಿಯಾಗಿ ಹಲಗಿ ಮಜಲಿನ ಹೆಜ್ಜೆ ಹಾಕುತ್ತಿದ್ದರು. ಬಾಗಲಕೋಟೆ, ಗದಗಿನ ಕಡೆಯಿಂದ ಕೂಲಿಗೆ ಬಂದವರು. ಒಬ್ಬನು ಟಾರ್ಚನ್ನು ತಿರುಗಿಸುತ್ತ ಎಡಕ್ಕೆ ಬಾಗಿದರೆ ಐವರೂ ಎಡಕ್ಕೆ ಬಾಗುವರು. ಕಾರು ಬಂದರೆ ಹೆಜ್ಜೆ ತಪ್ಪಿಸದೆಯೇ ಅದನ್ನು ಸಾಲಿಗೆ ಸೇರಿಸುವರು. ಒಳಗೆ ಹೋಗಿ ನೋಡಲಿಲ್ಲವೇನಪ್ಪಾ ಎಂದು ಟಾರ್ಚಿನವನನ್ನು ಕೇಳಿದ್ದಕ್ಕೆ, “ಒಳಗ ಹೋಗಿ ಏನ್ ಮಾಡೂದ್ರೀ ಸರ, ಬಡಿಯೂದೆಲ್ಲಾ ಇಲ್ಲೇ ಕೇಳ್ತೈತಿ. ಜಾಗಾನೂ ಐತಿ” ಎಂದನು. ಅಷ್ಟು ವಿಶಾಲವಾದ ಜಾಗದಲ್ಲಿ, ಅಷ್ಟು ತಪ್ಪಿಲ್ಲದ ನೃತ್ಯವನ್ನು, ತಮ್ಮ ಯಾವ ಆವರಣದಲ್ಲಿಯೂ ನಾನು ಕಾಣಲಿಲ್ಲ. ಈ ಸೋರಿಕೆಯನ್ನು ಮುಂದಿನ ವರ್ಷದ ಹೊತ್ತಿಗೆ ತಡೆಯದಿದ್ದರೆ ವಿಐಪಿಗಳೂ ಗದ್ದೆಗಿಳಿದು ಬಂದಾರು.

ಕಡೆಯದಾಗಿ ಒಂದು ಪ್ರಾರ್ಥನೆ. ಹಿಂದಿ ಚಿತ್ರಗಳ ವಾದ್ಯವೃಂದಗಳಲ್ಲಿ ದುಡಿಯುತ್ತಿದ್ದ ಮುಂಬಯಿಯ ಚರಣಜಿತ್ ಸಿಂಗ್ ಎಂಬವರು 1982ರಲ್ಲಿ, ಅಂದು ಹೊಸದಾಗಿ ಬಂದಿದ್ದ ಜಪಾನಿನ ರೋಲೆಂಡ್ ಯಂತ್ರಗಳನ್ನಿಟ್ಟುಕೊಂಡು, ಡಿಸ್ಕೋ ತಾಳದ ಮೇಲೆ ಲಲಿತ, ತೋಡಿ, ಯಮನ್, ಮಾಲಕಂಸ ಮೊದಲಾದ ಹತ್ತು ರಾಗಗಳನ್ನು ನುಡಿಸಿ ತಟ್ಟೆಯೊಂದಕ್ಕೆ ಧ್ವನಿಮುದ್ರಿಸಿದರು. ಆ ಯಂತ್ರಗಳಲ್ಲೊಂದರಿಂದ ಅದೇ ಬಗೆಯ ನಾದವನ್ನು ಶಿಕಾಗೋದ ತರುಣರು ಹೊರಡಿಸಿ ಲೋಕವಿಖ್ಯಾತರಾದುದು 1987ರಲ್ಲಿ. ನಮ್ಮವರು ಸಿಂಗರ ತಟ್ಟೆಯನ್ನು ಕೊಳ್ಳಲಿಲ್ಲ, 2010ರಲ್ಲಿ ಮರುಮುದ್ರಣವಾಗಿ ಪರದೇಶದವರು ಬೆರಗಾದ ಮೇಲೆ, ಮುಪ್ಪಿನಲ್ಲಿ ಅವರಿಗೆ ಕೀರ್ತಿ ಬಂದಿತು, 2015ರಲ್ಲಿ ತೀರಿಕೊಂಡರು. ತಮ್ಮ ಮುಖ್ಯ ವೇದಿಕೆಯಲ್ಲಿ ಆ ತಟ್ಟೆಗೆ ಅವಕಾಶ ಕೇಳುವಷ್ಟು ಅವಿವೇಕಿ ನಾನಲ್ಲ. ಉತ್ಸವ ಮುಗಿದ ಮೇಲೆ ಆ ಗದ್ದೆಯಿಂದ ಕಾರು ಹೊರಬೀಳಲು ಎರಡು ಗಂಟೆ ಹಿಡಿಯುವುದಷ್ಟೆ. ಆ ವೇಳೆಯಲ್ಲಿ, ಅಂದರೆ ಮಾಲಕಂಸಕ್ಕೆ ಶಾಸ್ತ್ರೋಕ್ತವಾದ ನಡುರಾತ್ರಿಯು ಸಮೀಪಿಸುತ್ತಿರುವಂತೆಯೇ, ಆ ಹುಡುಗರಿಗೂ ನಮಗೂ ಕೇಳುವಂತೆ ಅದನ್ನು ಹಾಕಿಸಬೇಕೆಂದು ಕೋರುತ್ತೇನೆ. ಕಾರಿನ ರೇಡಿಯೋದಷ್ಟು ಮೆಲುದನಿಯಲ್ಲಿ ನುಡಿಸಿದರೆ 2000ದ ನಿಯಮಗಳ ಅಡ್ಡಿಯಿರದೆಂದು ನಮ್ಮ ವಕೀಲರ ಅಭಿಪ್ರಾಯ. ಇದಕ್ಕೆ ಪ್ರತ್ಯೇಕ ಶುಲ್ಕವನ್ನೂ ಪ್ರತ್ಯೇಕ ಆವರಣವನ್ನೂ ಏರ್ಪಡಿಸುವ ಉದ್ದೇಶವಿದ್ದಲ್ಲಿ ಮುಂಗಡವಾಗಿ ತಿಳಿಸುವ ಕೃಪೆಯಾಗಲಿ. ನಮ್ಮ ವಿಐಪಿ ಮಿತ್ರನನ್ನು ಈ ಬಾರಿಯಾದರೂ ಮನೆಯಲ್ಲಿಯೇ ಬಿಟ್ಟು ಬರುತ್ತೇವೆ.

ಇತಿ ತಮ್ಮ ವಿಧೇಯ,
ಸಾಮಾನ್ಯ ಆವರಣದವನೊಬ್ಬ