ಪೀಠಿಕಿ ಅಣ್ಣ

ಧಾರವಾಡದ ಸಪ್ತಾಪುರದಲ್ಲಿ ಯಾವ ಚಹಾದಂಗಡಿಯ ಮುಂದೆ ನಿಂತರೂ ಆತ ಸಿಗುತ್ತಾನೆ. ಕಂಕುಳಲ್ಲಿ ದಪ್ಪ ನೋಟ್‌ಬುಕ್ಕು, ಜೇಬಿನಲ್ಲಿ ಮೂರು ಪೆನ್ನು, ಮುಖದ ಮೇಲೆ ಪ್ರಿಲಿಮ್ಸ್ ದಾಟಿದವನ ಗತ್ತು. ಮನೆಯವರು ಇಟ್ಟ ಹೆಸರು ಯಾರಿಗೂ ಗೊತ್ತಿಲ್ಲ. "ಪೀಠಿಕಿ ಅಣ್ಣ" ಅಂದರೆ ಸಾಕು, ರೂಮು ತೋರಿಸುತ್ತಾರೆ.

ಯುಪಿಎಸ್‌ಸಿ ಮುಖ್ಯ ಪರೀಕ್ಷೆಯಲ್ಲಿ ಪ್ರಬಂಧ ಪತ್ರಿಕೆಗೆ 250 ಅಂಕ. ಮೂರು ಗಂಟೆಯಲ್ಲಿ ಎರಡು ಪ್ರಬಂಧ, ಒಂದೊಂದೂ 1000ದಿಂದ 1200 ಪದ, ಕನ್ನಡದಲ್ಲೇ ಬರೆಯಬಹುದು. ವಿಷಯ ಆರಿಸುವುದು, ನಾಲ್ಕು ಅಂಶ ಗೀಚಿಕೊಳ್ಳುವುದು, ಬರೆಯುವುದು, ತಿದ್ದುವುದು ಎಲ್ಲ ತಲಾ ಒಂದೂವರೆ ಗಂಟೆಯೊಳಗೆ ಮುಗಿಯಬೇಕು. ಈ ಲೆಕ್ಕವನ್ನು ಹೊಸಬರಿಗೆ ಇವನಷ್ಟು ಚೆನ್ನಾಗಿ ಪಾಠ ಮಾಡುವವರಿಲ್ಲ. ಮಂಚದ ಪಕ್ಕದ ಗೋಡೆಗೆ ನಿಮಿಷವಾರು ವೇಳಾಪಟ್ಟಿಯೇ ಅಂಟಿಸಿದ್ದಾನೆ. ಪೀಠಿಕೆಗೆ ಹತ್ತು ನಿಮಿಷ, ಕೆಂಪು ಶಾಯಿಯಲ್ಲಿ.

ಮೊನ್ನೆ ಅಭ್ಯಾಸಕ್ಕೆಂದು 2014ರ ಪತ್ರಿಕೆಯ ಒಂದು ವಿಷಯ ಎತ್ತಿಕೊಂಡ: ಕುಟುಕು ಕಾರ್ಯಾಚರಣೆ ಖಾಸಗಿತನದ ಮೇಲಿನ ದಾಳಿಯೇ? ಅಲಾರಂ ಇಟ್ಟು, ತೋಳು ಮಡಚಿ, ಸಿಂಧೂ ನಾಗರಿಕತೆಯಿಂದ ಶುರು ಮಾಡಿದ. ಮೊಹೆಂಜೊದಾರೊದ ಮನೆಗಳಲ್ಲಿ ನೆಲಮಟ್ಟದ ಗೋಡೆಗೆ ಕಿಟಕಿ ಇರಲಿಲ್ಲ ಎನ್ನುವ ಸಂಗತಿ ಖಾಸಗಿತನದ ಮಾತಿಗೆ ಹೇಳಿ ಮಾಡಿಸಿದಂತಿತ್ತು. ಆದರೆ ಅವನ ಕಣ್ಣು ಬಿದ್ದದ್ದು ಚರಂಡಿಯ ಮೇಲೆ. ಒಂದು ಪುಟ ಚರಂಡಿಯೇ ಹರಿಯಿತು. ಮುಂದೆ ಕೌಟಿಲ್ಯ ಬಂದ. ಸನ್ಯಾಸಿಯ ವೇಷ ತೊಟ್ಟ ಅವನ ಗೂಢಚಾರರು ಕುಟುಕಲು ಸಿದ್ಧರಾಗಿಯೇ ನಿಂತಿದ್ದರು. ಅವರನ್ನು ಹಾಗೇ ನಿಲ್ಲಿಸಿ ಇವನು ತೆರಿಗೆ ಪದ್ಧತಿ ವಿವರಿಸಿದ. ಅಶೋಕ ಸಾಲುಮರ ನೆಡಿಸಿದ. ಅಲಾರಂ ಹೊಡೆದುಕೊಂಡಾಗ ಪ್ರಬಂಧ ಗುಪ್ತರ ಕಾಲದಲ್ಲಿತ್ತು. ಗುಪ್ತ ಕ್ಯಾಮೆರಾಕ್ಕೆ ಇನ್ನೂ ಒಂದೂವರೆ ಸಾವಿರ ವರ್ಷ ಬಾಕಿ.

ನಿಜವಾದ ಪರೀಕ್ಷೆಯಲ್ಲೂ ಇದೇ ಕಥೆ. ಎರಡನೇ ಪ್ರಬಂಧಕ್ಕೆ ಉಳಿಯುವುದು ಅರ್ಧ ಗಂಟೆ. ಆಗ ಅವನ ಕೈಬರಹ ನೋಡಬೇಕು: ಒತ್ತಕ್ಷರಗಳು ಕಳಚಿ ಬೀಳುತ್ತವೆ, ದೀರ್ಘಗಳು ಗಿಡ್ಡಾಗುತ್ತವೆ. ಕೊನೆಯ ಸಾಲು ಮಾತ್ರ ಬಾಯಿಪಾಠ: ಸರ್ಕಾರ, ಸಮಾಜ, ಯುವಜನತೆ ಎಲ್ಲರೂ ಕೈಜೋಡಿಸಬೇಕು. ಹವಾಮಾನಕ್ಕೂ ಅದೇ, ಹೆಣ್ಣುಮಕ್ಕಳ ಶಿಕ್ಷಣಕ್ಕೂ ಅದೇ, ಸುಖ ಎಂದರೇನು ಎಂದು ಕೇಳಿದರೂ ಅದೇ.

ಅಂಕ ಬಂದ ದಿನ ಅವನಿಗೆ ಬೇಜಾರಾಗುವುದು ನಿಜ, ಆದರೆ ತಪ್ಪು ಮೌಲ್ಯಮಾಪಕರದು. "ಪೇಪರ್ ಪೂರ್ತಿ ಓದೂ ತಾಳ್ಮಿ ಇಲ್ಲ ನೋಡು ಇವರಿಗೆ" ಅನ್ನುತ್ತಾನೆ. ಪೂರ್ತಿ ಬರೆದಿದ್ದೆಯಾ ಎಂದು ಕೇಳುವ ಧೈರ್ಯ ಯಾರಿಗೂ ಇಲ್ಲ. ಅಂದಿನ ಚಹಾದ ದುಡ್ಡು ಅವನೇ ಕೊಟ್ಟಿರುತ್ತಾನೆ.

ಹೋದ ವಾರ ಬಾಗಲಕೋಟೆ ಕಡೆಯ ಹೊಸ ಹುಡುಗನೊಬ್ಬ ಗಿರಮಿಟ್ ತಿನ್ನುತ್ತ ಕೇಳಿದ: "ಅಣ್ಣಾ, ಉಪಸಂಹಾರ ಹ್ಯಾಂಗ ಬರೀಬೇಕ್ರಿ?"

ಅಣ್ಣ ಮಿರ್ಚಿಯ ತೊಟ್ಟು ಕಿತ್ತು ಪಕ್ಕಕ್ಕಿಟ್ಟ. "ಎಷ್ಟು ಅಟೆಂಪ್ಟ್ ಅದಾವ ನಿನಗ?"

"ಆರೂ ಅದಾವ್ರಿ."

"ಮತ್ತ್ಯಾಕ ಅವಸರ ತಮ್ಮಾ? ಮೊದಲಿನ ಮೂರರಾಗ ಪೀಠಿಕಿ ಗಟ್ಟಿ ಮಾಡ್ಕೋ."