ಪಿಸಿ ಜೋಡಣಾ ಮೀಮಾಂಸೆ

ವಿಷಯ: ಗೇಮಿಂಗ್ ಪಿಸಿ ಇರುವುದು ಗೇಮ್ ಆಡಲಿಕ್ಕೆ ಎಂಬ ನಂಬಿಕೆ ಪಾಮರರಲ್ಲಿ, ವಿಶೇಷವಾಗಿ ಅದಕ್ಕೆ ದುಡ್ಡು ಕೊಟ್ಟ ತಂದೆಯರಲ್ಲಿ, ಬೇರೂರಿದೆ. ಗೇಮ್ ಇರುವುದೇ ಪಿಸಿಯನ್ನು ಪರೀಕ್ಷಿಸಲಿಕ್ಕೆ ಎಂದು ಸ್ಥಾಪಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಪೂರ್ವಪಕ್ಷ ಮತ್ತು ಖಂಡನೆ: ‘ಆಡಲಿಕ್ಕಲ್ಲದಿದ್ದರೆ ಮತ್ಯಾತಕ್ಕೆ?’ ಎಂದು ಪ್ರತಿವಾದಿ ಕೇಳಬಹುದು. ಆಡುವುದೇ ಗುರಿಯಾದರೆ ಪ್ಲೇಸ್ಟೇಷನ್ ತಂದು ಟೀವಿಗೆ ಸಿಕ್ಕಿಸಿದರೆ ಮುಗಿಯಿತು. ಅಷ್ಟರಲ್ಲೇ ಮುಗಿಯುವುದನ್ನು ಶಾಸ್ತ್ರವೆನ್ನಲಾಗದು. ಇತಿಹಾಸವೂ ನಮ್ಮ ಕಡೆಗಿದೆ. 2007ರಲ್ಲಿ ಜರ್ಮನಿಯ ಕ್ರೈಟೆಕ್ ಕಂಪನಿ ‘ಕ್ರೈಸಿಸ್’ ಹೊರತಂದಾಗ ಲೋಕ ಕೇಳಿದ್ದು ‘ಗೇಮ್ ಹೇಗಿದೆ’ ಎಂದಲ್ಲ, ‘ನಿನ್ನ ಪಿಸಿಯಲ್ಲಿ ಓಡುತ್ತಾ’ ಎಂದು. ಆ ಪ್ರಶ್ನೆ ಇವತ್ತಿಗೂ ಬದುಕಿದೆ. ಕಥಾನಾಯಕ ನೋಮ್ಯಾಡ್ ಪಾಪ, ಯಾರ ನೆನಪಿನಲ್ಲೂ ಇಲ್ಲ.

ಪ್ರಮಾಣ ವಿಚಾರ: ಪ್ರತ್ಯಕ್ಷವೆಂದರೆ ಪರದೆಯ ಮೂಲೆಯ ಎಫ್‌ಪಿಎಸ್ ಅಂಕಿ. ಡ್ರ್ಯಾಗನ್ ಎದುರಿಗೇ ಬಂದು ಬೆಂಕಿ ಉಗುಳಿದರೂ ಸಾಧಕನ ಕಣ್ಣು ಅಲ್ಲಿಂದ ಕದಲದು. ತಾನು ಸತ್ತದ್ದಕ್ಕಿಂತ, ಆ ಬೆಂಕಿಗೆ 90 ಇದ್ದದ್ದು 71ಕ್ಕೆ ಇಳಿದದ್ದೇ ಅವನಿಗೆ ಸಂಕಟ. ಅನುಮಾನ: ಬೆಟ್ಟದ ಮೇಲೆ ಹೊಗೆ ಕಂಡರೆ ಬೆಂಕಿಯಿದೆ ಎನ್ನುತ್ತಾರೆ ತಾರ್ಕಿಕರು, ಕ್ಯಾಬಿನೆಟ್ಟಿನಲ್ಲಿ ಹೊಗೆ ಕಂಡರೆ ಅಗ್ಗದ ಎಸ್‌ಎಂಪಿಎಸ್ ಇದೆ. ಅರ್ಥಾಪತ್ತಿ: ಹಗಲು ಉಣ್ಣದ ದೇವದತ್ತ ದಪ್ಪಗಿದ್ದರೆ ರಾತ್ರಿ ಉಣ್ಣುತ್ತಾನೆ, ಹಗಲು ಆಫೀಸಿನಲ್ಲಿ ತೂಕಡಿಸುವ ದೇವದತ್ತ ರಾತ್ರಿ ಬಯೋಸ್ ಅಪ್‌ಡೇಟ್ ಮಾಡಿದ್ದಾನೆ.

ಕ್ಷೇತ್ರ ಮಹಿಮೆ: ಸಾಧಕನು ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಐದು ಅಂಗಡಿ ಹತ್ತಿಳಿದು, ಐದು ಕೊಟೇಶನ್ ಬರೆಸಿ, ಮೊದಲನೆಯದಕ್ಕೇ ಮರಳತಕ್ಕದ್ದು. ‘ಬಿಲ್ ಬೇಕಾ ಸಾರ್?’ ಎಂದರೆ ಶೇ 18ರ ಜಿಎಸ್‌ಟಿಯನ್ನು ಮರೆತು, ವಾರಂಟಿಯನ್ನು ನೆನೆದು, ‘ಬೇಕು’ ಎನ್ನತಕ್ಕದ್ದು. ಸೆಕೆಂಡ್ ಹ್ಯಾಂಡ್ ಕಾರ್ಡಿನ ವಿಷಯದಲ್ಲಿ ಎಚ್ಚರ ಅಗತ್ಯ. 2022ರ ಸೆಪ್ಟೆಂಬರಿನಲ್ಲಿ ಎಥೀರಿಯಮ್ ಮೈನಿಂಗ್ ಕೈಬಿಟ್ಟಾಗ, ಹಗಲಿರುಳು ಬೆಂದ ಕಾರ್ಡುಗಳೆಲ್ಲ ‘ಅಪರೂಪಕ್ಕೆ ಯೂಸ್ ಮಾಡಿದ್ದು’ ಎಂಬ ಬಿರುದು ಹೊತ್ತು ಮಾರಾಟಕ್ಕೆ ಬಂದವು.

ಪ್ರತಿಷ್ಠಾಪನಾ ವಿಧಿ: ಪ್ರೊಸೆಸರಿನ ಮೂಲೆಯ ಪುಟ್ಟ ತ್ರಿಕೋನವನ್ನು ಸಾಕೆಟ್ಟಿನ ತ್ರಿಕೋನಕ್ಕೆ ಹೊಂದಿಸಿ ಲಿವರ್ ಒತ್ತುವಾಗ ಕರಕರ ಸದ್ದಾಗುತ್ತದೆ. ಅದು ಸಹಜವೆಂದು ಮ್ಯಾನುಯಲ್ ಓದಿದ ತಲೆಗೆ ಗೊತ್ತು, ಎದೆಗೆ ಗೊತ್ತಿಲ್ಲ. ಆಮೇಲೆ ಥರ್ಮಲ್ ಪೇಸ್ಟ್. ಇಲ್ಲಿ ಆಚಾರ್ಯರಲ್ಲಿ ಒಮ್ಮತವಿಲ್ಲ. ಬಟಾಣಿ ಗಾತ್ರದ ಒಂದು ಬಿಂದು ಸಾಕೆಂಬುದು ಬಿಂದುಮತ; ಉದ್ದ ಗೆರೆ ಎಳೆಯಬೇಕೆಂಬುದು ರೇಖಾಮತ; ಎರಡು ಗೆರೆ ಅಡ್ಡಡ್ಡ ಹಾಯಬೇಕೆಂಬುದು ಕತ್ತರಿಮತ; ತೆಳ್ಳಗೆ ಸವರಬೇಕೆಂಬುದು ಲೇಪನಮತ. ಈ ವಾದದಲ್ಲಿ ಎಷ್ಟೋ ಸ್ನೇಹಗಳು ಮುರಿದಿವೆ. ಕೂಲರ್ ಕೂರಿಸಿ ಸ್ಕ್ರೂ ಬಿಗಿದ ಮೇಲೆ ಒಳಗೆ ಉಳಿಯುವುದು ಅದ್ವೈತವೊಂದೇ.

ಪುನರ್ಜನ್ಮ ಪ್ರಕರಣ: ಹೊಸ ಗ್ರಾಫಿಕ್ಸ್ ಕಾರ್ಡ್ ಬಂದೊಡನೆ ಹಳೆ ಪ್ರೊಸೆಸರ್ ಬಾಟಲ್‌ನೆಕ್ ಆಗುತ್ತದೆ. ಎಎಂಡಿಯ ಹೊಸದನ್ನು ತಂದರೆ ಅದಕ್ಕೆ ಎಎಂ5 ಸಾಕೆಟ್ ಬೇಕು, ಆದ್ದರಿಂದ ಹೊಸ ಮದರ್‌ಬೋರ್ಡ್. ಆ ಬೋರ್ಡು ಡಿಡಿಆರ್5 ಅಲ್ಲದ ರ್‍ಯಾಮನ್ನು ಹತ್ತಿರ ಸೇರಿಸದು, ಆದ್ದರಿಂದ ಹೊಸ ರ್‍ಯಾಮ್. ಕಾರ್ಡು ಆರ್‌ಟಿಎಕ್ಸ್ 4090 ಆಗಿದ್ದರೆ ಅದೊಂದೇ 450 ವ್ಯಾಟ್ ನುಂಗುತ್ತದೆ, ಆದ್ದರಿಂದ ಹೊಸ ಎಸ್‌ಎಂಪಿಎಸ್. ಕಾರ್ಡಿನ ಉದ್ದಕ್ಕೆ ಕ್ಯಾಬಿನೆಟ್ ಸಾಲದು, ಆದ್ದರಿಂದ ಹೊಸ ಕ್ಯಾಬಿನೆಟ್. ಕೊನೆಗೆ ಹಳೆಯದರಲ್ಲಿ ಉಳಿಯುವುದು ಮೌಸ್ ಪ್ಯಾಡ್ ಮಾತ್ರ. ಸಾಧಕನು ಇದನ್ನು ‘ಸಣ್ಣ ಅಪ್‌ಗ್ರೇಡ್’ ಎಂದೇ ಮನೆಯಲ್ಲಿ ಘೋಷಿಸತಕ್ಕದ್ದು. ಕಳಚಿದ ಭಾಗಗಳೆಲ್ಲ ಸೇರಿ ಅಟ್ಟದ ಮೇಲೆ ಇನ್ನೊಂದು ಪಿಸಿ ಹುಟ್ಟಿರುವುದು ಯಾರ ಕಣ್ಣಿಗೂ ಬೀಳದ ತನಕ ಬಾಧಕವಿಲ್ಲ.

ಫಲಶ್ರುತಿ: ಇದನ್ನು ಭಕ್ತಿಯಿಂದ ಓದಿದವರ ಕೇಬಲ್‌ಗಳು ಗೋಜಲಾಗವು. 144 ಹರ್ಟ್ಸ್ ಮಾನಿಟರ್ ಕೊಂಡು 60ರಲ್ಲೇ ಓಡಿಸುತ್ತಿದ್ದವರಿಗೆ ಸೆಟ್ಟಿಂಗ್ಸ್ ದರ್ಶನವಾಗುತ್ತದೆ. ಸೇಲ್‌ನಲ್ಲಿ ಕೊಂಡು ತೆರೆಯದೇ ಬಿಟ್ಟ ಗೇಮುಗಳ ಪಾಪ ಪರಿಹಾರವಾಗುತ್ತದೆ. ಇಷ್ಟಾಗಿಯೂ ಗೇಮ್ ಆಡಲೇಬೇಕೆಂಬ ಚಪಲ ಉಳಿದವರು ಪಕ್ಕದ ಮನೆಯ ಹುಡುಗನನ್ನು ಆಶ್ರಯಿಸತಕ್ಕದ್ದು. ಶಾಸ್ತ್ರದ ಗಂಧಗಾಳಿಯಿಲ್ಲದ ಆತ, ಕೀಲಿಯೊಂದು ಕಿತ್ತುಹೋದ ಹಳೇ ಲ್ಯಾಪ್‌ಟಾಪಿನಲ್ಲಿ, ಎಲ್ಲ ಸೆಟ್ಟಿಂಗೂ ‘ಲೋ’ ಇಟ್ಟುಕೊಂಡು, ‘ವೈಸ್ ಸಿಟಿ’ಯನ್ನು ಮೂರನೇ ಸಲ ಮುಗಿಸುತ್ತಿದ್ದಾನೆ.